ಎಕ್ಸ್‌ರೇಗೆ ಕಾಣದ ನೋವು



ನಮ್ಮ ಬೀದಿಯ ಅಜ್ಜಿಯೊಬ್ಬರಿಗೆ ಮಂಡಿಯ ಕೀಲು ಬದಲಾಯಿಸಿದರು. ಅದೇ ಮಂಡಿಗೆ ಮತ್ತೊಮ್ಮೆ ಆಪರೇಷನ್ನೂ ಆಯಿತು. ಎಕ್ಸ್‌ರೇಯಲ್ಲಿ ಎಲ್ಲವೂ ಸರಿಯಾಗಿದೆ. ನೋವು ಮಾತ್ರ ಹೋಗಿಲ್ಲ. ಬಚ್ಚಲಿನ ಹೊಸ್ತಿಲು ದಾಟುವಾಗ ಬಾಗಿಲ ಚೌಕಟ್ಟು ಹಿಡಿದು, ಉಸಿರು ಬಿಗಿಹಿಡಿದು, ಮೊದಲು ನೋವಿಲ್ಲದ ಕಾಲನ್ನು ಇಡುತ್ತಾರೆ.

"ಇನ್ನೂ ನೋವೇನಮ್ಮ?" ಎಂದು ಮನೆಯವರು ಕೇಳಿದರೆ ಸುಮ್ಮನಾಗಿಬಿಡುತ್ತಾರೆ.

ಮಂಡಿ ಬದಲಿಸಿಕೊಂಡ ಐವರಲ್ಲಿ ಸುಮಾರು ಒಬ್ಬರಿಗೆ ನೋವು ಉಳಿದುಬಿಡುತ್ತದೆ. ಗಾಯ ಮಾಗಿದ ಮೇಲೂ ನರಗಳು ನೋವಿನ ಸುದ್ದಿ ಕಳಿಸುತ್ತಲೇ ಇರಬಹುದು. ನೋವಿದೆ ಎನ್ನುವವರ ಮಾತನ್ನು ಗೌರವಿಸಬೇಕೆಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯ ಜೊತೆಗೇ ಬರೆಯಿತು. ವೈದ್ಯರಿಗಷ್ಟೇ ಅಲ್ಲ, ಮನೆಮಂದಿಗೂ ಬೇಕಾದ ಮಾತಿದು.

ಅಂಥವರು ನಿಮ್ಮ ಮನೆಯಲ್ಲಿದ್ದರೆ, ಇವತ್ತು ಸಂಜೆ ಗೇಟಿನ ತನಕ ಅವರ ನಡಿಗೆಯಲ್ಲೇ ನಡೆಯಿರಿ. ನೋವಿನ ಮಾತು ಬಂದರೆ ಕೇಳಿಸಿಕೊಳ್ಳಿ. ಹೊಸ ಎಣ್ಣೆ, ಹೊಸ ಡಾಕ್ಟರು ನಾಳೆಗಿರಲಿ.