ಬುದ್ಧಿಯ ಅಳತೆ

ಒಂದೇ ಕೊಠಡಿಯಲ್ಲಿ, ಒಬ್ಬರೇ ಉಪಾಧ್ಯಾಯರಿಂದ, ಒಂದೇ ಪಾಠವನ್ನು ಕೇಳಿದ ನಲವತ್ತು ಮಂದಿ ಮಕ್ಕಳು ಮರುದಿನ ಅದನ್ನು ನಲವತ್ತು ಬಗೆಯಾಗಿ ಒಪ್ಪಿಸುತ್ತಾರೆ. ಒಬ್ಬನು ಲೆಕ್ಕವನ್ನು ಥಟ್ಟನೆ ಮಾಡಿ ಮುಗಿಸುವನು. ಇನ್ನೊಬ್ಬನು ನಿಧಾನವಾಗಿ, ಆದರೆ ತಪ್ಪಿಲ್ಲದೆ ಮಾಡುವನು. ಮತ್ತೊಬ್ಬಳಿಗೆ ಪದ್ಯವು ಒಂದೇ ಸಲಕ್ಕೆ ಬಾಯಿಗೆ ಬಂದರೂ ಭಿನ್ನರಾಶಿ ಎಂದೊಡನೆ ಗಾಬರಿ. ಐದು ಬೆರಳೂ ಸಮವಾಗಿರುವುದಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಲೇ ಬಂದಿದ್ದಾರೆ. ಆದರೆ ಬೆರಳಿನ ಉದ್ದವನ್ನು ಅಳೆಯುವಂತೆ ಈ ಭೇದಗಳನ್ನು ಅಳೆಯಬಹುದೇ? ಅಳೆದ ಮೇಲೆ ಆ ಅಳತೆಯನ್ನು ಯಾವುದಕ್ಕೆ ಬಳಸಬೇಕು? ಮೊದಲನೆಯ ಪ್ರಶ್ನೆ ಶಾಸ್ತ್ರಕ್ಕೆ ಸೇರಿದ್ದು. ಎರಡನೆಯದು ನಮ್ಮೆಲ್ಲರಿಗೂ ಸೇರಿದ್ದು.

ಈ ಶೋಧನೆಯ ಮೂಲವು ಶಾಲೆಯಲ್ಲಿಲ್ಲ, ಖಗೋಳ ವೀಕ್ಷಣಾಲಯದಲ್ಲಿದೆ ಎಂಬುದು ಕುತೂಹಲದ ಸಂಗತಿ. ಇಂಗ್ಲೆಂಡಿನ ಗ್ರೀನಿಚ್ಚಿನಲ್ಲಿ ಮ್ಯಾಸ್ಕಲಿನ್ ಎಂಬ ರಾಜಖಗೋಳಜ್ಞನಿದ್ದನು. ಅವನಿಗೆ ಕಿನ್ನೆಬ್ರೂಕ್ ಎಂಬ ಸಹಾಯಕನಿದ್ದನು. ಗಡಿಯಾರದ ಸದ್ದನ್ನು ಕಿವಿಯಿಂದ ಎಣಿಸುತ್ತ, ದೂರದರ್ಶಕದ ತಂತಿಯನ್ನು ನಕ್ಷತ್ರವು ದಾಟುವ ಗಳಿಗೆಯನ್ನು ಗುರುತಿಸುವುದು ಅವರ ಕೆಲಸ. ಸಹಾಯಕನು ಗುರುತಿಸಿದ ಕಾಲವು ಯಜಮಾನನ ಕಾಲಕ್ಕಿಂತ ತಡವಾಗಿ ಬರುತ್ತಿದ್ದಿತು. ಕೊನೆಗೆ ವ್ಯತ್ಯಾಸವು ಒಂದು ಸೆಕೆಂಡಿನ ಹತ್ತರಲ್ಲಿ ಎಂಟು ಪಾಲಿನಷ್ಟಾಯಿತು. 1796ರಲ್ಲಿ ಅವನು ಕೆಲಸವನ್ನು ಕಳೆದುಕೊಂಡನು. ಸುಮಾರು ಕಾಲು ಶತಮಾನದ ತರುವಾಯ, ಬೆಸೆಲ್ ಎಂಬ ಜರ್ಮನ್ ಖಗೋಳಜ್ಞನು ಈ ಪ್ರಸಂಗವನ್ನು ಕುರಿತು ಆಲೋಚಿಸಿ, ನುರಿತ ವೀಕ್ಷಕರನ್ನೇ ಪರಸ್ಪರ ಹೋಲಿಸಿ ನೋಡಿದನು. ಅವರಲ್ಲಿಯೂ ಯಾರ ಕಾಲವೂ ಇನ್ನೊಬ್ಬರ ಕಾಲಕ್ಕೆ ಸರಿಹೊಂದಲಿಲ್ಲ. ಆಗ ವಿದ್ವಾಂಸರು ಈ ವ್ಯತ್ಯಾಸಕ್ಕೆ ವ್ಯಕ್ತಿಸಮೀಕರಣವೆಂದು ಹೆಸರಿಟ್ಟು, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಕಲಿತರು. ಯಾವುದು ಒಬ್ಬನ ಅಪರಾಧವೆಂದು ತೋರಿತ್ತೋ ಅದು ಮಾನವಸ್ವಭಾವದ ಒಂದು ಲಕ್ಷಣವಾಗಿದ್ದಿತು.

ಇನ್ನು ಪ್ಯಾರಿಸ್ ನಗರಕ್ಕೆ ಬರೋಣ. ಆಲ್‌ಫ್ರೆಡ್ ಬಿನೇ ಎಂಬ ಮನಶ್ಶಾಸ್ತ್ರಜ್ಞನು ಮೊದಲು ತಲೆಯ ಸುತ್ತಳತೆಯಿಂದ ಬುದ್ಧಿಯನ್ನು ಅರಿಯಬಹುದೋ ಎಂದು ಪರೀಕ್ಷಿಸಿದನು. ಆ ದಾರಿಯಲ್ಲಿ ಸಾರವಿಲ್ಲವೆಂದು ಕಂಡ ಮೇಲೆ ಅದನ್ನು ಬಿಟ್ಟನು. ತನ್ನ ಇಬ್ಬರು ಹೆಣ್ಣುಮಕ್ಕಳು ಆಲೋಚಿಸುವ ರೀತಿಯನ್ನು ವರ್ಷಗಟ್ಟಲೆ ಗಮನಿಸಿ, ಒಂದೇ ಮನೆಯಲ್ಲಿ ಬೆಳೆದವರಲ್ಲಿಯೂ ಎಷ್ಟು ಭೇದವುಂಟೆಂಬುದನ್ನು 1903ರಲ್ಲಿ ಪ್ರಕಟಿಸಿದನು. ಮರುವರ್ಷವೇ ಫ್ರೆಂಚ್ ಸರ್ಕಾರವು, ಸಾಮಾನ್ಯ ಬೋಧನೆಯಿಂದ ಪ್ರಯೋಜನ ಪಡೆಯಲಾರದ ಮಕ್ಕಳನ್ನು ಗುರುತಿಸುವ ಬಗೆಯನ್ನು ವಿಚಾರಿಸಲು ಒಂದು ಸಮಿತಿಯನ್ನು ನೇಮಿಸಿತು. ಇದರ ಫಲವಾಗಿ 1905ರಲ್ಲಿ ಬಿನೇ ಮತ್ತು ಅವನ ಸಹೋದ್ಯೋಗಿ ಸಿಮೋನ್ ಇಬ್ಬರೂ ಸೇರಿ 30 ಪರೀಕ್ಷೆಗಳ ಒಂದು ಶ್ರೇಣಿಯನ್ನು ರಚಿಸಿದರು. ಉರಿಯುವ ಕಡ್ಡಿಯನ್ನು ಕಣ್ಣು ಹಿಂಬಾಲಿಸುತ್ತದೆಯೇ ಎಂಬುದು ಮೊದಲ ಮೆಟ್ಟಿಲು. ಚಿತ್ರದಲ್ಲಿರುವ ವಸ್ತುಗಳನ್ನು ಹೆಸರಿಸುವುದು, ಅಂಕಿಗಳನ್ನು ಕೇಳಿ ಮತ್ತೆ ಹೇಳುವುದು, ಎರಡು ತೂಕಗಳನ್ನು ಹೋಲಿಸುವುದು ನಡುವಿನ ಮೆಟ್ಟಿಲುಗಳು. ಅಮೂರ್ತ ಪದಗಳ ಅರ್ಥಭೇದವನ್ನು ವಿವರಿಸುವುದು ಕೊನೆಯದು.

ಈ ಅಳತೆಗೋಲು ಒಂದು ಗೊತ್ತಾದ ಕಾರ್ಯಕ್ಕಾಗಿ ಹುಟ್ಟಿದ್ದೆಂಬುದನ್ನು ನಾವು ನೆನಪಿಡಬೇಕು. ಹಿಂದುಳಿದ ಮಗುವಿಗೆ ನೆರವು ನೀಡಬೇಕು, ಅದಕ್ಕೆ ಮುಂಚೆ ಆ ಮಗು ಯಾರೆಂದು ತಿಳಿಯಬೇಕು. ತುಂಟ ಹುಡುಗರನ್ನು ಹೊರದೂಡಲು ಉಪಾಧ್ಯಾಯರು ಇದನ್ನೊಂದು ನೆಪ ಮಾಡಿಕೊಂಡಾರೆಂಬ ಭಯವೂ ಬಿನೇಗೆ ಇದ್ದಿತು. 1909ರಲ್ಲಿ ಬರೆದ ಗ್ರಂಥದಲ್ಲಿ ಅವನು, ಬುದ್ಧಿಯು ಹುಟ್ಟಿನಿಂದ ಗೊತ್ತಾದ ಪ್ರಮಾಣವೆಂದು ಹೇಳುವವರನ್ನು ಖಂಡಿಸಿದನು. ಗಮನ, ಸ್ಮೃತಿ, ವಿವೇಚನೆಗಳನ್ನು ಅಭ್ಯಾಸದಿಂದ ಬೆಳೆಸಬಹುದೆಂದು ಸಾರಿದನು. ಸನ್ನೆ ಮಾಡಿದೊಡನೆ ಮಕ್ಕಳು ಪ್ರತಿಮೆಗಳಂತೆ ಅಲುಗಾಡದೆ ನಿಲ್ಲುವ ಆಟವು ಅಂತಹ ಅಭ್ಯಾಸಗಳಲ್ಲೊಂದು. 1911ರಲ್ಲಿ, ತನ್ನ 54ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು.

ಅವನ ಅನಂತರ ಅಳತೆಗೋಲು ಬೇರೆಯವರ ಕೈಸೇರಿತು. 1912ರಲ್ಲಿ ಜರ್ಮನಿಯ ಸ್ಟರ್ನ್ ಎಂಬುವನು, ಮಗುವಿನ ಮಾನಸಿಕ ವಯಸ್ಸನ್ನು ಅದರ ನಿಜವಾದ ವಯಸ್ಸಿನಿಂದ ಭಾಗಿಸಿ ಒಂದೇ ಅಂಕಿಯನ್ನು ಪಡೆಯಬಹುದೆಂದು ಸೂಚಿಸಿದನು. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು ನೂರರಿಂದ ಗುಣಿಸಿ ಬಳಕೆಗೆ ತಂದನು. ಹತ್ತು ವರ್ಷದ ಹುಡುಗನು ಎಂಟು ವರ್ಷದವರ ಮಟ್ಟದಲ್ಲಿದ್ದರೆ ಅವನ ಅಂಕ 80. ಇದೇ ಈಗ ಜನರ ಬಾಯಲ್ಲಿ ಐ. ಕ್ಯೂ. ಎನಿಸಿಕೊಂಡಿರುವ ಬುದ್ಧಿಲಬ್ಧ. ಮೂವತ್ತು ಮೆಟ್ಟಿಲುಗಳ ವಿವರವೆಲ್ಲವೂ ಒಂದು ಅಂಕಿಯಲ್ಲಿ ಅಡಗಿಹೋಯಿತು, ಅಂಕಿಯು ಹಣೆಬರಹವಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯವು ಸುಮಾರು 17 ಲಕ್ಷ ಮಂದಿಯನ್ನು ಪರೀಕ್ಷಿಸಿತು. ಅಮೆರಿಕದ ಅಂಗಡಿಯಲ್ಲಿ ಮಾರುವ ಅಡಿಗೆಯ ಜಿಡ್ಡಿನ ಹೆಸರು ತಿಳಿದಿದೆಯೇ ಎಂಬಂತಹ ಪ್ರಶ್ನೆಯೂ ಅದರಲ್ಲಿತ್ತು. ಹೊಸದಾಗಿ ವಲಸೆ ಬಂದವನು ಇದಕ್ಕೆ ಉತ್ತರಿಸದಿದ್ದರೆ ಅದು ಬುದ್ಧಿಯ ಕೊರತೆಯೇ? ಆದರೂ 1923ರಲ್ಲಿ ಬ್ರಿಗಮ್ ಎಂಬ ವಿದ್ವಾಂಸನು ಈ ಅಂಕಿಗಳ ಆಧಾರದ ಮೇಲೆ ಕೆಲವು ಜನಾಂಗಗಳು ಕೀಳೆಂದು ಬರೆದನು; 1930ರಲ್ಲಿ ತಾನೇ ಆ ಮಾತನ್ನು ಹಿಂತೆಗೆದುಕೊಂಡನು. ಅಷ್ಟರೊಳಗೆ ಕೆಡುಕು ಬೇರೂರಿತ್ತು. ವರ್ಜೀನಿಯಾ ಪ್ರಾಂತದ ಕ್ಯಾರೀ ಬಕ್ ಎಂಬ ತರುಣಿಯನ್ನು ಮಂದಬುದ್ಧಿಯವಳೆಂದು ನಿರ್ಣಯಿಸಿ, ಆಕೆಗೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡುವುದನ್ನು ಅಮೆರಿಕದ ಅತ್ಯುಚ್ಚ ನ್ಯಾಯಾಲಯವು 1927ರಲ್ಲಿ ಎತ್ತಿಹಿಡಿಯಿತು. ಅದೇ ವರ್ಷ ಚಿಕಿತ್ಸೆಯೂ ನಡೆದುಹೋಯಿತು. ಆಕೆ ಶಾಲೆಯಲ್ಲಿ ಎಲ್ಲರಂತೆ ಓದಿ ತೇರ್ಗಡೆಯಾಗಿದ್ದಳೆಂಬುದು ಬಹುಕಾಲದ ಮೇಲೆ ದಾಖಲೆಗಳಿಂದ ಹೊರಬಿದ್ದಿತು. ನೆರವಿಗಾಗಿ ಹುಟ್ಟಿದ ಕೋಲು ಹೊಡೆಯುವ ದೊಣ್ಣೆಯಾದುದು ಹೀಗೆ.

ನಮ್ಮ ನಾಡಿಗೂ ಈ ಶಾಸ್ತ್ರಕ್ಕೂ ಸಂಬಂಧವಿಲ್ಲದಿಲ್ಲ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಎಂಬ ಪ್ರಸಿದ್ಧ ಬುದ್ಧಿಶೋಧಕರ ಶಿಷ್ಯರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ವಿಭಾಗವನ್ನು ತೆರೆದರು. 1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ. ಧಾರವಾಡದಲ್ಲಿ ವಿ. ವಿ. ಕಾಮತ್ ಎಂಬುವರು ಬಿನೇಯ ಪರೀಕ್ಷೆಗಳನ್ನು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಅಳವಡಿಸಿ, 1940ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಪ್ಯಾರಿಸ್ಸಿನ ಮಗುವಿಗೆ ಹೊಲಿದ ಅಂಗಿಯನ್ನು ಧಾರವಾಡದ ಮಗುವಿಗೆ ಹಾಗೆಯೇ ತೊಡಿಸಲಾಗದು. ಇಲ್ಲಿಯ ಭಾಷೆಗೂ ಬಾಳಿಗೂ ತಕ್ಕಂತೆ ಮತ್ತೆ ಹೊಲಿಯಬೇಕೆಂಬ ವಿವೇಕವು ಈ ಕೆಲಸದಲ್ಲಿದೆ.

ಅನಂತರದ ಸಂಶೋಧನೆಗಳು ಬಿನೇಯ ಎಚ್ಚರಿಕೆಯನ್ನು ಸಮರ್ಥಿಸಿವೆ. 1984ರಿಂದ ಮುಂದಕ್ಕೆ ಜೇಮ್ಸ್ ಫ್ಲಿನ್ ಎಂಬುವರು ಹಳೆಯ ಅಂಕಿಗಳನ್ನು ಹೋಲಿಸಿ, ಅನೇಕ ದೇಶಗಳಲ್ಲಿ ಈ ಅಂಕವು ಒಂದೊಂದು ತಲೆಮಾರಿಗೂ ಏರಿತೆಂದು ತೋರಿಸಿದರು. ರಕ್ತವು ಅಷ್ಟು ಬೇಗ ಬದಲಾಗುವುದಿಲ್ಲ. ಬದಲಾದುದು ಬಾಳಿನ ಸ್ಥಿತಿ. ಹಾಗೆಂದು ಭೇದವೆಂದು ತೋರಿದ್ದೆಲ್ಲವನ್ನೂ ನಂಬಬೇಕಾಗಿಯೂ ಇಲ್ಲ. ಕೆಲವರು ಕಣ್ಣಿನಿಂದ ಕಲಿಯುವವರು, ಕೆಲವರು ಕಿವಿಯಿಂದ ಕಲಿಯುವವರು, ಆದುದರಿಂದ ಅವರಿಗೆ ಬೇರೆ ಬೇರೆ ಬೋಧನೆ ಬೇಕೆಂಬ ಮಾತು ಬಹಳ ಪ್ರಚಾರದಲ್ಲಿದೆ. 2008ರಲ್ಲಿ ನಾಲ್ವರು ಮನಶ್ಶಾಸ್ತ್ರಜ್ಞರು ಅದರ ಪ್ರಮಾಣಗಳನ್ನು ಶೋಧಿಸಿ, ಅದಕ್ಕೆ ತಕ್ಕ ಆಧಾರ ದೊರೆಯದೆಂದು ನಿರ್ಣಯಿಸಿದರು.

ಹಾಗಾದರೆ ಯಾವ ಭೇದವನ್ನು ಗಣನೆಗೆ ತೆಗೆದುಕೊಂಡರೆ ಪ್ರಯೋಜನವುಂಟು? ಮುಂಬಯಿ ಮತ್ತು ವಡೋದರಾ ನಗರಗಳ ಶಾಲೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಪ್ರಯೋಗವು ಇದಕ್ಕೆ ಉತ್ತರ ಕೊಡುತ್ತದೆ. ಓದು ಲೆಕ್ಕಗಳಲ್ಲಿ ಹಿಂದುಳಿದ ಮಕ್ಕಳನ್ನು ದಿನಕ್ಕೆ ಎರಡು ಗಂಟೆಯ ಕಾಲ ಸಣ್ಣ ಗುಂಪಾಗಿ ಕರೆದು, ಬಾಲಸಖಿಯೆಂಬ ಸ್ಥಳೀಯ ತರುಣಿಯರಿಂದ ಅವರು ನಿಂತಿದ್ದ ಮೆಟ್ಟಿಲಿನಿಂದಲೇ ಪಾಠ ಹೇಳಿಸಲಾಯಿತು. ಮಕ್ಕಳು ಮುಂದುವರಿದರು, ಎಲ್ಲರಿಗಿಂತ ಹಿಂದಿದ್ದವರಿಗೆ ಹೆಚ್ಚಿನ ಲಾಭವಾಯಿತು. ಇಲ್ಲಿ ಯಾರೂ ಮಗುವಿನ ಬೆಲೆಯನ್ನು ಕಟ್ಟಲಿಲ್ಲ. ಅದು ಎಲ್ಲಿ ನಿಂತಿದೆ, ಮುಂದಿನ ಹೆಜ್ಜೆ ಯಾವುದು ಎಂದು ಮಾತ್ರ ವಿಚಾರಿಸಿದರು.

ಆದುದರಿಂದ, ಶ್ರೋತೃಗಳೇ, ನಿಮ್ಮ ಮಗನೋ ಮಗಳೋ ಶಾಲೆಯಿಂದ ಅಂಕಪಟ್ಟಿಯನ್ನು ತಂದು ಕೈಗಿಟ್ಟಾಗ, ನೆರೆಮನೆಯ ಮಗುವಿನ ಅಂಕವನ್ನು ವಿಚಾರಿಸುವುದಕ್ಕೆ ಮುಂಚೆ, ಯಾವ ಲೆಕ್ಕ ತಪ್ಪಿತು, ಎಲ್ಲಿ ತೊಡಕಾಯಿತು ಎಂದು ಆ ಮಗುವನ್ನೇ ಕೇಳಿರಿ. ದಡ್ಡನೆಂಬ ಮಾತು ಪ್ರಶ್ನೆಯನ್ನು ಮುಚ್ಚುತ್ತದೆ. ಎಲ್ಲಿ ತೊಡಕಾಯಿತೆಂಬ ಮಾತು ಅದನ್ನು ತೆರೆಯುತ್ತದೆ. ಅಳತೆಗೋಲನ್ನು ಮೊದಲು ಮಾಡಿದವನು ಅದರಿಂದ ಬಯಸಿದ್ದೂ ಇಷ್ಟನ್ನೇ.