ಕೈಸಾಬೂನಿಗೆ ಹೊಲದ ಪುಡಿ: ಸಾಲದ ಅರ್ಜಿಗೆ ಮೊದಲು ನೋಡಬೇಕಾದುದು

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯ ಸುತ್ತಲಿನ ಊರುಗಳಿಗೆ ಮೈ ತಿಕ್ಕುವ ಪುಡಿ ಹೊಸದಲ್ಲ. ಎಳೆಗೂಸಿಗೆ ಕಡಲೆಹಿಟ್ಟು, ಹಬ್ಬದ ಎಣ್ಣೆಸ್ನಾನಕ್ಕೆ ಹೆಸರುಹಿಟ್ಟು, ತಲೆಗೆ ಸೀಗೆಪುಡಿ ಎಂಬುದು ಹಿರಿಯರಿಗೆ ತಿಳಿದ ಕ್ರಮ. ಇವೇ ಪುಡಿಗಳನ್ನು ಸಾಬೂನಿನಲ್ಲಿ ಬೆರೆಸಿ ಮಾರುವ ಯೋಚನೆಯೊಂದಿಗೆ ಮಹಿಳಾ ಸ್ವಸಹಾಯ ಸಂಘವೊಂದು ಪಂಚಾಯತಿಗೆ ಬಂದರೆ, ಸದಸ್ಯರು ಅದನ್ನು ಹುರಿದುಂಬಿಸುವುದು ಸಹಜ. ಆದರೆ ಹಿಟ್ಟನ್ನು ನೀರಿನಲ್ಲಿ ಕಲಸಿ ಹಚ್ಚುವುದು ಬೇರೆ, ಸಾಬೂನಿನಲ್ಲಿ ಕೂಡಿಸುವುದು ಬೇರೆ. ಈ ವ್ಯತ್ಯಾಸ ತಿಳಿಯದೆ ಕೈಹಾಕಿದರೆ ಕೊಳ್ಳುವವರ ಮೈಗೂ ಸಂಘದ ಸಾಲಕ್ಕೂ ತೊಂದರೆಯಾಗುತ್ತದೆ.

ನೆಲದಲ್ಲಿ ಸಿಗುವ ವಸ್ತುವಿನಿಂದ ಸಾಬೂನು ಮಾಡುವ ಯೋಚನೆಗೆ ನಾಡಿನಲ್ಲೇ ದೊಡ್ಡ ನಿದರ್ಶನವಿದೆ. ಮೊದಲ ಮಹಾಯುದ್ಧದಿಂದ ಶ್ರೀಗಂಧದ ಮರ ಹೊರದೇಶಕ್ಕೆ ಹೋಗದೆ ಉಳಿದಾಗ, ಮೈಸೂರು ಸಂಸ್ಥಾನವು 1916ರಲ್ಲಿ ಗಂಧದೆಣ್ಣೆ ಕಾರ್ಖಾನೆಯನ್ನು ಆರಂಭಿಸಿತು. ಅದರ ಬೆನ್ನಿಗೇ ಸಾಬೂನು ಬಂತು. ಯಾದಗಿರಿ ಜಿಲ್ಲೆಯಲ್ಲಿ ಗಂಧವಿಲ್ಲದಿದ್ದರೂ ತೊಗರಿ, ಹೆಸರು, ಶೇಂಗಾ ಇವೆ. ಕೃಷ್ಣೆಯ ಕಾಲುವೆ ಹರಿಯುವಲ್ಲಿ ಭತ್ತವೂ ಇದೆ. ಇತ್ತ, ಉಜ್ಜುವುದಕ್ಕೆಂದು ಸಾಬೂನು, ಮುಖದ ಲೇಪಗಳಲ್ಲಿ ಹಾಕುತ್ತಿದ್ದ ಪ್ಲಾಸ್ಟಿಕ್ ಕಣಗಳು ನದಿ, ಸಮುದ್ರಗಳನ್ನು ಸೇರುತ್ತವೆಂದು ಅಮೆರಿಕವು 2015ರಲ್ಲಿ ಅವುಗಳ ವಿರುದ್ಧ ಕಾನೂನು ತಂದಿತು. ಬ್ರಿಟನ್ 2018ರಲ್ಲಿ ಮಾರಾಟ ನಿಷೇಧಿಸಿತು. ಕಾಳಿನ ಹಿಟ್ಟು ಮಣ್ಣಿನಲ್ಲಿ ಕರಗಿಹೋಗುವ ವಸ್ತುವಾದುದರಿಂದ ಆ ಆತಂಕವಿಲ್ಲ.

ಪುಡಿಯ ಆಯ್ಕೆಯಲ್ಲಿ ಮುಖ್ಯವಾದುದು ಕಣದ ಆಕಾರ. ಹೆಸರು, ಕಡಲೆ, ತೊಗರಿಬೇಳೆಯ ಹಿಟ್ಟುಗಳು ನೆನೆದಾಗ ಮೆತ್ತಗಾಗುತ್ತವೆ. ಶೇಂಗಾ ಸಿಪ್ಪೆ, ಒಣಕೊಬ್ಬರಿ ಚಿಪ್ಪು ಇವು ಎಷ್ಟು ಕುಟ್ಟಿದರೂ ಚೂಪು ಬಿಡುವುದಿಲ್ಲ. ಅಂತಹ ಚೂಪು ಕಣಗಳು ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರುಗಳನ್ನು ಮಾಡಬಲ್ಲವು. ಆದ್ದರಿಂದ ಪುಡಿಯನ್ನು ನಯವಾದ ಜರಡಿಯಲ್ಲಿ, ಅಗತ್ಯವಿದ್ದರೆ ತೆಳುಬಟ್ಟೆಯಲ್ಲಿ ಎರಡು ಬಾರಿ ಸೋಸಬೇಕು. ಬೇವಿನ ಎಲೆಯ ಪುಡಿ ಮೊದಲು ಹಸಿರಾಗಿದ್ದರೂ ಸಾಬೂನಿನ ಕ್ಷಾರದಲ್ಲಿ ಕಂದಾಗುತ್ತದೆ. ಅದು ಕೆಟ್ಟಿತೆಂದು ಬಿಸಾಡಬೇಕಿಲ್ಲ. ಅಕ್ಕಿಯ ತೌಡಿನಲ್ಲಿ ಎಣ್ಣೆಯಂಶವಿರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ. ಅದನ್ನು ಗಿರಣಿಯಿಂದ ತಂದ ಹಾಗೆಯೇ ದಾಸ್ತಾನಿಡುವುದು ನಷ್ಟದ ದಾರಿ. ಹಸಿ ಸೌತೆ, ಹಸಿ ಅರಿಶಿನದಂತಹ ನೀರಿನಂಶದ ವಸ್ತುಗಳನ್ನು ಹಾಕಿದ ಸಾಬೂನಿನ ಮೇಲೆ ಬೂಸ್ಟು ಬರುವ ಸಂಭವವಿದೆ. ಎಲ್ಲವೂ ಒಣಗಿರಲಿ, ಪ್ರಮಾಣವೂ ಮಿತವಾಗಿರಲಿ: ಅರ್ಧ ಕಿಲೋ ಎಣ್ಣೆಗೆ ಒಂದರಿಂದ ಎರಡು ಚಹಾಚಮಚ ಸಾಕು. ಪುಡಿ ಹೆಚ್ಚಿದರೆ ಸಾಬೂನು ಪುಡಿಪುಡಿಯಾಗುತ್ತದೆ.

ಕಾಸ್ಟಿಕ್ ಸೋಡಾದ ಲೆಕ್ಕದಲ್ಲಿ ಹೆಚ್ಚು ಜಾಗ್ರತೆ ಬೇಕು. ಪ್ರತಿ ಎಣ್ಣೆಗೂ ಬೇಕಾಗುವ ಸೋಡಾ ಬೇರೆಬೇರೆ. 500 ಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 91 ಗ್ರಾಂ ಬೇಕಾದರೆ, ಅಷ್ಟೇ ಶೇಂಗಾ ಎಣ್ಣೆಗೆ ಸುಮಾರು 68 ಗ್ರಾಂ ಸಾಕು. ಮೈಗೆ ಹಿತವಾಗಲೆಂದು ಅದಕ್ಕಿಂತಲೂ ಸ್ವಲ್ಪ ಕಡಿಮೆ ಹಾಕುವುದು ರೂಢಿ. ಕೊಬ್ಬರಿ ಎಣ್ಣೆ ದುಬಾರಿಯಾಯಿತೆಂದು ಶೇಂಗಾ ಎಣ್ಣೆಗೆ ಬದಲಿಸಿ ಸೋಡಾದ ತೂಕವನ್ನು ಹಾಗೆಯೇ ಬಿಟ್ಟರೆ, ಉಳಿದ ಸೋಡಾ ಸಾಬೂನಿನಲ್ಲೇ ಕುಳಿತಿರುತ್ತದೆ. ಉಜ್ಜುಪುಡಿ ಚರ್ಮವನ್ನು ಮೊದಲೇ ಕೆರೆದಿರುವುದರಿಂದ ಅದು ಇನ್ನಷ್ಟು ಉರಿ ತರುತ್ತದೆ. ಆದುದರಿಂದ ಗ್ರಾಂ ತೋರಿಸುವ ತಕ್ಕಡಿಯಿಲ್ಲದ ಘಟಕಕ್ಕೆ ಸಾಲ ಶಿಫಾರಸು ಮಾಡದಿರುವುದೇ ಸಂಘಕ್ಕೆ ಮಾಡುವ ಉಪಕಾರ.

ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ಸೋಡಾದ ಮೇಲೆ ನೀರು ಸುರಿಯಬಾರದು. ಅಲ್ಯೂಮಿನಿಯಂ ಪಾತ್ರೆಯನ್ನು ಅದು ಕರಗಿಸಿ ಹೊತ್ತಿಕೊಳ್ಳುವ ಅನಿಲ ಹೊರಡಿಸುತ್ತದೆ. ಸ್ಟೀಲಿನ ಪಾತ್ರೆಯೇ ಬೇಕು. ಕೈಗವಸು, ಕನ್ನಡಕ ಇರಲೇಬೇಕು, ಮಕ್ಕಳು ಹತ್ತಿರ ಸುಳಿಯಬಾರದು. ಮೈಮೇಲೆ ಬಿದ್ದರೆ ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು ವೈದ್ಯರಲ್ಲಿಗೆ ಹೋಗಬೇಕು. ಎಣ್ಣೆಯೂ ಸೋಡಾದ ನೀರೂ ಕೂಡಿ ಮಜ್ಜಿಗೆಹುಳಿಯಷ್ಟು ಗಟ್ಟಿಯಾದ ಬಳಿಕವೇ ಪುಡಿ ಬೆರೆಸಬೇಕು. ತೆಳ್ಳಗಿದ್ದಾಗ ಹಾಕಿದರೆ ಅದು ತಳಕ್ಕಿಳಿದು ಸಾಬೂನಿನ ಒಂದು ಬದಿ ಮಾತ್ರ ಒರಟಾಗುತ್ತದೆ. ಕತ್ತರಿಸಿದ ತುಂಡುಗಳು ಗಾಳಿಯಾಡುವಲ್ಲಿ 4ರಿಂದ 6 ವಾರ ಒಣಗಬೇಕು. ಈ ಅವಧಿಯಲ್ಲಿ ಆದಾಯ ಬರುವುದಿಲ್ಲವೆಂಬುದನ್ನು ಸಾಲದ ಕಂತಿನ ಲೆಕ್ಕ ಹಾಕುವವರು ಮರೆಯುವುದುಂಟು.

ಮಾರಾಟಕ್ಕಾಗಿ ಸ್ನಾನದ ಸಾಬೂನು ತಯಾರಿಸುವುದು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆಯ ಅಡಿಯಲ್ಲಿ, 2020ರ ಸೌಂದರ್ಯವರ್ಧಕಗಳ ನಿಯಮಗಳಂತೆ ಪರವಾನಗಿ ಬೇಡುವ ಕೆಲಸ. ಸಂಘದ ಮನೆಬಳಕೆಗೆ ಮಾಡುವುದಕ್ಕೂ ಸಂತೆಯಲ್ಲಿ ಮಾರುವುದಕ್ಕೂ ಇರುವ ಈ ಅಂತರವನ್ನು ಸದಸ್ಯರು ಮೊದಲೇ ಹೇಳಿಬಿಡಬೇಕು. ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಕರ ವಿಳಾಸ ಇರಬೇಕು. ಪುಡಿಯ ಹೆಸರನ್ನೂ ಬರೆಯಬೇಕು, ಏಕೆಂದರೆ ಶೇಂಗಾ, ಕಾಳುಗಳು ಒಗ್ಗದವರು ಇರುತ್ತಾರೆ. ಚರ್ಮರೋಗ ವಾಸಿಯಾಗುತ್ತದೆ, ಬಣ್ಣ ಬಿಳಿಯಾಗುತ್ತದೆ ಎಂಬ ಮಾತುಗಳನ್ನು ಪೊಟ್ಟಣದಲ್ಲೂ ಸಭೆಯಲ್ಲೂ ಆಡಕೂಡದು.

ಅರ್ಜಿ ಪಂಚಾಯತಿಗೆ ಬಂದ ದಿನ ಸಂಘದ ಸದಸ್ಯೆಯರಿಂದ ಆರು ವಾರ ಒಣಗಿದ ಒಂದು ತುಂಡನ್ನು ಕೇಳಿ ಪಡೆಯಬೇಕು. ಅದನ್ನು ಅಡ್ಡಕ್ಕೆ ಕತ್ತರಿಸಿದರೆ ಪುಡಿ ಸಮನಾಗಿ ಹರಡಿದೆಯೇ, ಬೂಸ್ಟು, ಕಮಟು ಇದೆಯೇ ಎಂಬುದು ತಿಳಿಯುತ್ತದೆ. ಒಳಮೊಣಕೈಗೆ ಮೆಲ್ಲನೆ ಉಜ್ಜಿ ತೊಳೆದು ಮರುದಿನದವರೆಗೆ ನೋಡುವುದು ಮುಂದಿನ ಹಂತ. ಅಲ್ಲಿ ಕೆಂಪು ಕಂಡರೆ ಅರ್ಜಿಯನ್ನು ತಿರಸ್ಕರಿಸದೆ, ಜರಡಿಯನ್ನೂ ಸೋಡಾದ ತೂಕದ ಪುಸ್ತಕವನ್ನೂ ತರಲು ಹೇಳಿ ಮುಂದಿನ ಸಭೆಗೆ ಇಡಬಹುದು.