ಸತ್ತವಳು ಬಂದು ನಿಂತಾಗ

ಪಿರಿಯಾಪಟ್ಟಣದಿಂದ ಬೆಟ್ಟದಪುರದ ಕಡೆಗೆ ಹೊರಟವರಿಗೆ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ದೂರದಿಂದಲೇ ಕಾಣುತ್ತದೆ. ಆ ಊರಿನ ಠಾಣೆಯ ಕಾಗದಗಳಲ್ಲಿ ಹೆಣ್ಣುಮಗಳೊಬ್ಬಳು ವರ್ಷಗಟ್ಟಲೆ ಸತ್ತಿದ್ದಳು.

ಕುಶಾಲನಗರದ ಸಮೀಪದ ಆದಿವಾಸಿ ಕೂಲಿಕಾರನೊಬ್ಬನ ಹೆಂಡತಿ 2020ರಲ್ಲಿ ಕಾಣೆಯಾದಳು. ದೂರು ಕೊಟ್ಟವನು ಗಂಡನೇ. ಮುಂದೆ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಅಸ್ಥಿಪಂಜರವೊಂದು ದೊರೆಯಿತು. ಅದು ಅವಳದೇ, ಕೊಂದವನು ಇವನೇ ಎಂದು ಪೊಲೀಸರು ದೋಷಾರೋಪಪಟ್ಟಿ ಸಲ್ಲಿಸಿದರು. ಮೂಳೆಗಳು ಅವಳವಲ್ಲವೆಂದು ಡಿ.ಎನ್.ಎ. ಪರೀಕ್ಷೆ ಹೇಳಿತು, ಆದರೂ ಮೊಕದ್ದಮೆ ನಿಲ್ಲಲಿಲ್ಲ. ಸುಮಾರು ಒಂದೂವರೆ ವರ್ಷ ಸೆರೆಯಲ್ಲಿದ್ದು ಅವನು ಜಾಮೀನಿನ ಮೇಲೆ ಹೊರಬಂದ. 2025ರ ಏಪ್ರಿಲ್ 1ರಂದು ಆ ಹೆಂಗಸು ಮಡಿಕೇರಿಯ ಹೋಟೆಲೊಂದರಲ್ಲಿ ಕಾಣಿಸಿಕೊಂಡಳು. ಗುರುತಿಸಿದವರು ಅವನ ಸ್ನೇಹಿತರು, ಪೊಲೀಸರಲ್ಲ ಎಂಬುದನ್ನು ಗಮನಿಸಬೇಕು.

ಅದೇ ತಿಂಗಳು ಮೈಸೂರಿನ ಸೆಷನ್ಸ್ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿ, ಗೃಹ ಇಲಾಖೆ 1 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಅಷ್ಟು ಸಾಲದೆಂದು ಅವನು 5 ಕೋಟಿ ರೂಪಾಯಿ ಕೇಳಿ ಉಚ್ಚ ನ್ಯಾಯಾಲಯದ ಮೊರೆಹೊಕ್ಕ. ಅತಿಯಾಯಿತೆಂದು ನಮ್ಮ ಪೇಟೆಯ ಜಗಲಿಗಳಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ.

ಅಧಿಕಾರಿಯ ಮೇಲೆಯೇ ದಾವೆ ಹೂಡೋಣವೆಂದರೆ 1963ರ ಕರ್ನಾಟಕ ಪೊಲೀಸ್ ಅಧಿನಿಯಮದ 170ನೆಯ ಪ್ರಕರಣ ಬಾಗಿಲಲ್ಲಿ ನಿಂತಿದೆ. ಕರ್ತವ್ಯದ ಹೆಸರಿನಲ್ಲಿ ನಡೆದ ಕೃತ್ಯವಾದರೆ ಸರ್ಕಾರದ ಪೂರ್ವಾನುಮತಿ ಬೇಕು.  ಅಧಿಕಾರ ಮೀರಿದ್ದರೂ ಅದು ಕರ್ತವ್ಯಕ್ಕೆ ಸಂಬಂಧಿಸಿದ್ದಾದರೆ ಈ ರಕ್ಷಣೆ ಉಂಟೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ನಮ್ಮ ರಾಜ್ಯದ್ದೇ ಮೊಕದ್ದಮೆಯೊಂದರಲ್ಲಿ ಹೇಳಿತು. ರಕ್ಷಣೆಗೆ ಅರ್ಥವಿಲ್ಲವೆಂದು ನಾನು ಹೇಳಲಾರೆ. ಹಿಡಿದ ಪ್ರತಿ ಕಳ್ಳನೂ ದಫೇದಾರನನ್ನು ಕೋರ್ಟಿಗೆಳೆದರೆ ಠಾಣೆ ಕಾಯುವವರಾರು? ಆದರೆ ಒಂದೂವರೆ ವರ್ಷ ಸೆರೆಯಲ್ಲಿದ್ದವನ ಪಾಲಿಗೆ ಆ ಬಾಗಿಲು ದಾಟುವುದು ಸುಲಭವಲ್ಲವಲ್ಲ!

ಪೊಲೀಸರ ಮೇಲಿನ ದೂರು ಕೇಳಲು ಪ್ರಾಧಿಕಾರವಿದೆ. ಸರ್ವೋಚ್ಚ ನ್ಯಾಯಾಲಯದ 2006ರ ಆದೇಶದಂತೆ, 2012ರ ತಿದ್ದುಪಡಿಯಿಂದ ರಾಜ್ಯಕ್ಕೊಂದು, ಜಿಲ್ಲೆಗೊಂದು ಎಂದು ಕಾನೂನಿನಲ್ಲಿ ಬಂದಿತು. ಹುಣಸೂರು, ಹೆಗ್ಗಡದೇವನಕೋಟೆಯ ಹಾಡಿಗಳಲ್ಲಿ, ಕೃಷ್ಣರಾಜನಗರದ ನಾಲೆಯಂಚಿನ ಹಳ್ಳಿಗಳಲ್ಲಿ ಇದನ್ನು ಕೇಳಿ ನೋಡಿ. ಠಾಣೆಯ ಮೇಲಿನ ದೂರನ್ನೂ ಠಾಣೆಗೇ ಒಯ್ಯಬೇಕೆಂದು ತಿಳಿದವರೇ ಹೆಚ್ಚು.

ಇನ್ನೊಂದು ಮಾತು ನನ್ನನ್ನು ಬಿಡದೆ ಕಾಡುತ್ತದೆ. ಹೆಂಡತಿ ಬದುಕಿದ್ದಾಳೆ, ಗಂಡ ಬಿಡುಗಡೆಯಾದ; ಹಾಗಾದರೆ ಆ ಮೂಳೆಗಳು ಯಾರವು? ಅದೂ ಯಾವುದೋ ಮನೆಯಿಂದ ಹೊರಟ ಜೀವವೇ. ಆ ಮನೆಯವರು ಬರೆಸಿದ ದೂರು ಯಾವ ಠಾಣೆಯ ಬೀರುವಿನಲ್ಲಿದೆಯೋ.